ಮಗಳ ಪ್ರಾಜೆಕ್ಟ್ ಫಾರಂ ನೀವೇ ತುಂಬಬೇಡಿ!

"ಅಮ್ಮಾ, ಇನ್ನೂ 18 ಫಾರಂ ಬಾಕಿ ಇದೆ. ನಾಡಿದ್ದು ಕಾಲೇಜಿಗೆ ಕೊಡಬೇಕು. ನೀನೇ ಟಿಕ್ ಹಾಕಿಬಿಡಮ್ಮಾ, ಪ್ಲೀಸ್..."

ಭಾನುವಾರ ರಾತ್ರಿ ಹತ್ತೂವರೆ. ಇಡ್ಲಿ ಹಿಟ್ಟು ರುಬ್ಬಿಟ್ಟು ಕೈ ಒರೆಸಿಕೊಳ್ಳುತ್ತಿದ್ದೆ. ಮಗಳು ಪದವಿ ಎರಡನೇ ವರ್ಷದಲ್ಲಿದ್ದಾಳೆ, ಮನಃಶಾಸ್ತ್ರ ಅವಳ ವಿಷಯ. ಗೃಹಿಣಿಯರ ನಿದ್ದೆಯ ಬಗ್ಗೆ ಪ್ರಾಜೆಕ್ಟ್. 50 ಜನರಿಂದ ಉತ್ತರ ಬೇಕು. ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿದು 32 ತುಂಬಿಸಿಕೊಂಡು ಬಂದಿದ್ದಳು. ಉಳಿದವರು "ಆಮೇಲೆ ಬಾಮ್ಮ" ಅಂದಿದ್ದರು.

ಪಾಪ ಮಗು, ಮಾರ್ಕ್ಸ್ ಹೋಗಬಾರದಲ್ವಾ? ಎರಡು ಮೂರು ಥರದ ಪೆನ್ನು ಇಟ್ಟುಕೊಂಡು ಕುಳಿತೆ. ಸರಸರ ಟಿಕ್ ಹಾಕಿದೆ. ಏಳನೇ ಫಾರಂಗೆ ಬರುವಷ್ಟರಲ್ಲಿ ಕೈ ನಿಂತಿತು. "ಮಧ್ಯರಾತ್ರಿ ಎಚ್ಚರವಾಗುತ್ತದೆಯೇ?" ನಾನೇ ಹುಟ್ಟಿಸಿದ ಏಳೂ ಹೆಂಗಸರಿಗೆ "ಎಂದೂ ಇಲ್ಲ" ಅಂತ ಬರೆದಿದ್ದೆ. ಅಷ್ಟೇ ಅಲ್ಲ, ವಾರದ ಹಿಂದೆ ನನ್ನ ಸ್ವಂತ ಫಾರಂನಲ್ಲೂ ಅದನ್ನೇ ಬರೆದಿದ್ದೆ. ಪಕ್ಕದಲ್ಲಿ ಯಜಮಾನರು ಪೇಪರ್ ಓದುತ್ತಿದ್ದರು, ಎದುರಿಗೆ ಮಗಳು ನಿಂತಿದ್ದಳು. ನಿಜ ಏನೆಂದರೆ, ನಾಲ್ಕು ತಿಂಗಳಿಂದ ದಿನಾ ಮೂರು ಗಂಟೆಗೆ ಬೆವೆತು ಎಚ್ಚರವಾಗುತ್ತಿತ್ತು. ಹಾಲಿನವನು ಬರುವವರೆಗೂ ತಿರುಗುವ ಫ್ಯಾನ್ ನೋಡುತ್ತಾ ಮಲಗಿರುತ್ತಿದ್ದೆ.

ಏಳೂ ಫಾರಂ ಹರಿದು ಹಾಕಿದೆ. ಮಗಳು ಮುಖ ಊದಿಸಿಕೊಂಡಳು. "ನನ್ನ ಫಾರಂ ಕೂಡ ಸುಳ್ಳು ಕಣೇ, ಅದನ್ನೂ ತೆಗೆ" ಅಂದಾಗ ಮಾತ್ರ ಸುಮ್ಮನೆ ನನ್ನನ್ನೇ ನೋಡಿದಳು. ಉಳಿದದ್ದು 31. ಮರುದಿನ ಅಳುಕುತ್ತಲೇ ಮೇಡಂ ಹತ್ತಿರ ಹೋದಳಂತೆ. "31 ಅಂತಲೇ ಬರಿ. ಯಾಕೆ ಕಡಿಮೆಯಾಯ್ತು ಅನ್ನೋದನ್ನೂ ಬರಿ" ಅಂದರಂತೆ ಮೇಡಂ. ಅಷ್ಟೇ!

ಹುಡುಗಾಟವಲ್ಲ

"ಡಿಗ್ರಿ ಹುಡುಗರ ಪ್ರಾಜೆಕ್ಟ್‌ನಲ್ಲಿ ಏನಿದೆ ಮಹಾ?" ಅಂತ ನಮಗೆಲ್ಲ ಅನಿಸುತ್ತದೆ. 1869ರಲ್ಲಿ ಬರ್ಲಿನ್‌ನಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಅಲ್ಲಲ್ಲಿ ಗುಂಪುಗೂಡಿದ ಬೇರೆಯೇ ಥರದ ಜೀವಕೋಶಗಳು ಕಂಡವು. ಕಂಡದ್ದನ್ನು ಕಂಡ ಹಾಗೆ ಬರೆದ, ಅವುಗಳ ಕೆಲಸವೇನೋ ತನಗೆ ತಿಳಿಯದು ಅಂತಲೂ ಬರೆದ. ಇನ್ಸುಲಿನ್ ತಯಾರಾಗುವುದು ಆ ಜೀವಕೋಶಗಳಲ್ಲೇ ಎಂದು ಆಮೇಲೆ ಗೊತ್ತಾಯಿತು. 1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊದಲ್ಲಿ ಡಾ. ಬ್ಯಾಂಟಿಂಗ್ ಇನ್ಸುಲಿನ್ ಹುಡುಕಲು ಹೊರಟಾಗ ಜೊತೆಗಿದ್ದವನು ಚಾರ್ಲ್ಸ್ ಬೆಸ್ಟ್. ಆಗಷ್ಟೇ ಪದವಿ ಮುಗಿಸಿದ 22ರ ಹುಡುಗ. ಇವತ್ತು ನಮ್ಮ ಮನೆಯ ಫ್ರಿಜ್‌ನಲ್ಲಿ ಅತ್ತೆಯವರ ಇನ್ಸುಲಿನ್ ಇದ್ದರೆ, ಅದರಲ್ಲಿ ಇಂಥ ಹುಡುಗರ ಪಾಲೂ ಇದೆ.

ನಮ್ಮ ದೇಶದಲ್ಲೂ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ವೈದ್ಯಕೀಯ ವಿದ್ಯಾರ್ಥಿಗಳು ಎರಡು ತಿಂಗಳು ಸಂಶೋಧನೆ ಮಾಡಲೆಂದು 1979ರಲ್ಲೇ ಯೋಜನೆ ಶುರು ಮಾಡಿತು. ಸಂಶೋಧನೆ ಚಿಕ್ಕದಿರಲಿ ದೊಡ್ಡದಿರಲಿ, ಸುಳ್ಳು ಟಿಕ್ ಹಾಕಿದರೆ ಲೆಕ್ಕವೇ ತಪ್ಪು. ಎಲ್ಲ ಗೃಹಿಣಿಯರೂ ಸುಖವಾಗಿ ನಿದ್ದೆ ಮಾಡುತ್ತಾರೆ ಎಂದು ವರದಿ ಹೇಳಿದರೆ, ಮೂರು ಗಂಟೆಗೆ ಎದ್ದು ಕೂರುವ ನಮ್ಮನ್ನು ಕೇಳುವವರು ಯಾರು?

ಮನೆಗೆ ಫಾರಂ ಬಂದಾಗ

* ಕಾಲೇಜಿನ ಗುರುತಿನ ಚೀಟಿ ಕೇಳಿ. ಮಾರ್ಗದರ್ಶಕರ ಹೆಸರು, ಈ ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಎಂದು ವಿಚಾರಿಸಿ. ಕೇಳಿದರೆ ಮಕ್ಕಳು ಬೇಜಾರು ಮಾಡಿಕೊಳ್ಳುವುದಿಲ್ಲ.

* ಒಪ್ಪಿಗೆ ಪತ್ರ ಓದದೆ ಸಹಿ ಹಾಕಬೇಡಿ. ಐಸಿಎಂಆರ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಭಾಗವಹಿಸುವುದು ನಿಮ್ಮ ಇಷ್ಟ. ಮಧ್ಯದಲ್ಲಿ "ಸಾಕು" ಅನ್ನುವ ಹಕ್ಕೂ ನಿಮಗಿದೆ. ನಿಮ್ಮ ಉತ್ತರ ಗುಟ್ಟಾಗಿರಬೇಕು.

* ಆಧಾರ್ ನಂಬರ್, ಬ್ಯಾಂಕ್ ವಿವರ, ಓಟಿಪಿ ಕೇಳಿದರೆ ಬಾಗಿಲು ಹಾಕಿಕೊಳ್ಳಿ. ನಿದ್ದೆ, ಊಟದ ಅಧ್ಯಯನಕ್ಕೆ ಅವು ಬೇಕಿಲ್ಲ.

* ರಕ್ತ ತೆಗೆಯುತ್ತೇವೆ ಅಂದರೆ ಯಾರು ತೆಗೆಯುತ್ತಾರೆ, ಹೊಸ ಸೂಜಿಯೇ, ಫಲಿತಾಂಶ ನಿಮಗೆ ಹೇಳುತ್ತಾರೆಯೇ ಎಂದು ಮೊದಲೇ ಕೇಳಿ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಅಂಥ ಫಲಿತಾಂಶ ಬಂದರೆ ವೈದ್ಯರ ಹತ್ತಿರ ಹೋಗಿ.

* ಮನೆಯ 18 ದಾಟದ ಮಕ್ಕಳನ್ನು ಪ್ರಶ್ನಿಸಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಮಗುವಿನ ಇಷ್ಟವನ್ನೂ ಕೇಳಿ.

* ಒಬ್ಬರೇ ಕುಳಿತು ಬರೆಯಿರಿ. ಅತ್ತೆಯೋ ಸೊಸೆಯೋ ಇಣುಕುತ್ತಿದ್ದರೆ ಯಾರಾದರೂ ಚೆಂದದ ಉತ್ತರವನ್ನೇ ಕೊಡುತ್ತಾರೆ!

* ಫಾರಂನ ಅಂಕ ನೋಡಿ "ನಿಮಗೆ ಖಿನ್ನತೆ ಇದೆ ಆಂಟಿ" ಅಂದರೆ ಹೆದರಬೇಡಿ. ಪ್ರಶ್ನಾವಳಿ ಸೂಚನೆ ಮಾತ್ರ, ರೋಗ ಯಾವುದೆಂದು ನಿರ್ಧರಿಸುವುದು ವೈದ್ಯರ ಕೆಲಸ. ಉತ್ತರಿಸುವಾಗ ಮನಸ್ಸು ಕಲಕಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮಕ್ಕಳೇ ಸಂಶೋಧಕರಾದರೆ

ಅವರ ಫಾರಂ ನೀವು ತುಂಬಬೇಡಿ. ಬದಲಿಗೆ ಪರಿಚಯದವರಿಗೆ ಫೋನ್ ಮಾಡಿಕೊಡಿ, ಪ್ರಶ್ನೆಗಳ ಕನ್ನಡ ಅರ್ಥವಾಗುತ್ತದೆಯೇ ಎಂದು ಓದಿ ಹೇಳಿ. ಕತ್ತಲಾದ ಮೇಲೆ ಒಬ್ಬರನ್ನೇ ಗೊತ್ತಿಲ್ಲದ ಮನೆಗೆ ಕಳಿಸಬೇಡಿ. ತುಂಬಿದ ಫಾರಂಗಳನ್ನು ಊಟದ ಮೇಜಿನ ಮೇಲೆ ಬಿಡಲು ಕೊಡಬೇಡಿ, ನೀವೂ ಇಣುಕಬೇಡಿ. ಪಕ್ಕದ ಮನೆಯಾಕೆ ನಂಬಿ ಬರೆದ ಮಾತು ಅದು. ಅಂದುಕೊಂಡ ಫಲಿತಾಂಶ ಬರದಿದ್ದರೆ ಅದು ಸೋಲಲ್ಲ ಅಂತ ಧೈರ್ಯ ಹೇಳಿ.

ಅಂದಹಾಗೆ, ನಾನು ಡಾಕ್ಟರ ಹತ್ತಿರ ಹೋಗಿ ಬಂದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೀಗೆ ಬೆವೆತು ಎಚ್ಚರವಾಗುವುದು ಬಹಳ ಮಂದಿಗೆ ಇರುತ್ತದೆ, ಅದಕ್ಕೆ ಉಪಾಯವೂ ಇದೆ ಎಂದರು. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂತ ಮನೆಯವರು ಕೇಳಿದರು. ಯಾರೂ ಕೇಳಿರಲಿಲ್ಲ. ಕೇಳಿದವಳು ಮಗಳೊಬ್ಬಳೇ. ಅವಳಿಗೂ ಸುಳ್ಳು ಹೇಳಿದ್ದೆ!