ರಕ್ತದ ಅಂಕಿಗಳು: ಎಚ್ಚರಿಕೆಯೇ? ತೀರ್ಪೇ?

ಹಿಂದಿನ ವೈದ್ಯರು ನಾಡಿ ಹಿಡಿದು, ನಾಲಗೆ ನೋಡಿ, ಎದೆಗೆ ಕಿವಿಗೊಟ್ಟು ರೋಗದ ಗತಿಯನ್ನು ಅರಿಯುತ್ತಿದ್ದರು. ಇಂದು ಇವುಗಳ ಜೊತೆಗೆ ಪ್ರಯೋಗಶಾಲೆಯ ನೆರವೂ ಒದಗಿದೆ. ಈ ನೆರವು ಮನೆಮನೆಯ ಮಾತಾದುದು 2020 ಮತ್ತು 2021ರ ಕೋವಿಡ್ ಪಿಡುಗಿನಲ್ಲಿ. ರೋಗಿ ಆಸ್ಪತ್ರೆಯ ಒಳಗೆ, ಮನೆಯವರು ಹೊರಗೆ; ಎಷ್ಟೋ ಕುಟುಂಬಗಳಿಗೆ ನಡುವಣ ಸೇತುವೆ ರಕ್ತಪರೀಕ್ಷೆಯ ವರದಿಯೊಂದೇ ಆಗಿತ್ತು. ಮಹಾನಗರದಲ್ಲಿದ್ದ ಮಗನಿಗೂ ದೂರದ ಊರಿನಲ್ಲಿ ಕಾತರಿಸುತ್ತಿದ್ದ ತಾಯಿಗೂ ಸಿ.ಆರ್.ಪಿ., ಡಿ-ಡೈಮರ್, ಫೆರಿಟಿನ್ ಎಂಬ ಹೆಸರುಗಳು ಬಾಯಿಪಾಠವಾದವು. ಅಂಕಿ ಏರಿದರೆ ಮನೆಯಲ್ಲಿ ಅನ್ನ ಸೇರದು; ಇಳಿದರೆ ದೇವರಿಗೆ ತುಪ್ಪದ ದೀಪ. ಆದರೆ ಆ ಅಂಕಿಗಳು ನಿಜವಾಗಿ ಹೇಳುವುದೇನು?

ರೋಗವು ರಕ್ತದಲ್ಲಿ ಬಿಡುವ ಗುರುತು

ವೈರಸ್ಸು ಶ್ವಾಸಕೋಶದ ಗಾಳಿಚೀಲಗಳನ್ನು ಹೊಕ್ಕು ಉರಿಯೂತವನ್ನು ಉಂಟುಮಾಡುವುದೇ ವೈರಸ್ ನ್ಯುಮೋನಿಯ. ಇದಕ್ಕೆ ದೇಹವು ತೋರುವ ಪ್ರತಿಕ್ರಿಯೆ ರಕ್ತದಲ್ಲಿ ಪ್ರತಿಫಲಿಸುತ್ತದೆ. ರಕ್ಷಕ ಕಣಗಳು ಹೊರಸೂಸುವ ಸಂಕೇತಗಳಿಂದ ಪ್ರಚೋದಿತವಾದ ಯಕೃತ್ತು ಸಿ.ಆರ್.ಪಿ. ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಬಿಳಿಯ ರಕ್ತಕಣಗಳಲ್ಲಿ ಒಂದು ಬಗೆಯಾದ ಲಿಂಫೋಸೈಟುಗಳ ಸಂಖ್ಯೆ ಕುಗ್ಗುತ್ತದೆ. ಜೀವಕೋಶಗಳು ಹಾನಿಗೊಂಡಾಗ ಅವುಗಳೊಳಗಿನ ಎಲ್.ಡಿ.ಎಚ್. ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಚೂರುಗಳೇ ಡಿ-ಡೈಮರ್.

ಇವುಗಳಲ್ಲಿ ಸಿ.ಆರ್.ಪಿ.ಯ ಇತಿಹಾಸ ನ್ಯುಮೋನಿಯದೊಂದಿಗೇ ಬೆಸೆದುಕೊಂಡಿದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ವೈದ್ಯರು ನ್ಯುಮೋನಿಯ ರೋಗಿಗಳ ರಕ್ತಸಾರದಲ್ಲಿ ಇದರ ಸುಳಿವನ್ನು ಕಂಡರು. ಅದು ನ್ಯುಮೊಕಾಕಸ್ ರೋಗಾಣುವಿನ ‘ಸಿ’ ಎಂಬ ಅಂಶದೊಂದಿಗೆ ಪ್ರತಿಕ್ರಿಯಿಸುತ್ತಿದ್ದುದರಿಂದಲೇ ಈ ಹೆಸರು ಬಂದಿತು. ರೋಗ ಉಲ್ಬಣವಾಗಿದ್ದಾಗ ಕಾಣುತ್ತಿದ್ದ ಆ ಪ್ರತಿಕ್ರಿಯೆ, ರೋಗಿ ಚೇತರಿಸಿಕೊಂಡೊಡನೆ ಮರೆಯಾಗುತ್ತಿತ್ತು. ಅಂದರೆ, ಒಂದು ದಿನದ ಅಂಕಿಗಿಂತ ದಿನದಿಂದ ದಿನಕ್ಕೆ ಅದು ಸಾಗುವ ದಿಕ್ಕೇ ಮುಖ್ಯವೆಂಬ ಪಾಠ ಆ ಮೊದಲ ಶೋಧದಲ್ಲಿಯೇ ಅಡಗಿತ್ತು.

ವೂಹಾನಿನ ಪಾಠ

ಕೋವಿಡ್ ಮೊದಲು ಕಾಣಿಸಿಕೊಂಡ ಚೀನಾದ ವೂಹಾನ್ ನಗರದ ಎರಡು ಆಸ್ಪತ್ರೆಗಳಲ್ಲಿದ್ದ 191 ರೋಗಿಗಳ ವೃತ್ತಾಂತ 2020ರ ಮಾರ್ಚ್ ತಿಂಗಳಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ 137 ಮಂದಿ ಗುಣಹೊಂದಿ ಮನೆಗೆ ಮರಳಿದರು. 54 ಮಂದಿ ಅಸುನೀಗಿದರು. ಬದುಕಿದವರಲ್ಲಿ ಲಿಂಫೋಸೈಟುಗಳ ಸಂಖ್ಯೆ ರೋಗದ ಏಳನೆಯ ದಿನದ ಸುಮಾರಿಗೆ ತೀರ ಕೆಳಗಿಳಿದು ಮತ್ತೆ ಚೇತರಿಸಿಕೊಂಡಿತು; ತೀರಿಕೊಂಡವರಲ್ಲಿ ಕೊನೆಯವರೆಗೂ ಮೇಲೇಳಲಿಲ್ಲ.

ಡಿ-ಡೈಮರ್ ಮಿಲಿಲೀಟರಿಗೆ 1 ಮೈಕ್ರೋಗ್ರಾಮಿಗಿಂತ ಹೆಚ್ಚಿದ್ದುದು, ಪರೀಕ್ಷೆಗೊಳಗಾದವರ ಪೈಕಿ, ತೀರಿಕೊಂಡವರಲ್ಲಿ ನೂರಕ್ಕೆ 81 ಮಂದಿಯಲ್ಲಿ. ಇದು ಭಯಹುಟ್ಟಿಸುವ ಅಂಕಿಯೇ ಸರಿ. ಆದರೆ ಬದುಕಿ ಮನೆಗೆ ಮರಳಿದವರಲ್ಲಿಯೂ ನೂರಕ್ಕೆ 24 ಮಂದಿಗೆ ಅದು ಅಷ್ಟೇ ಏರಿತ್ತೆಂಬುದನ್ನು ಮರೆಯಲಾಗದು. ಆದುದರಿಂದ ಏರಿದ ಅಂಕಿ ‘ಈ ರೋಗಿಯ ಮೇಲೆ ಹೆಚ್ಚು ಕಣ್ಣಿಡಿ’ ಎಂದು ಹೇಳುತ್ತದೆ. ‘ಈತನಿಗೆ ಉಳಿವಿಲ್ಲ’ ಎಂದು ಹೇಳುವುದಿಲ್ಲ.

ಯಾರಿಗೆ ಯಾವ ಮದ್ದು?

ಬ್ರಿಟನ್ನಿನ ‘ರಿಕವರಿ’ ಪ್ರಯೋಗವು 2020ರ ಜೂನ್ ತಿಂಗಳಲ್ಲಿ ಮಹತ್ವದ ಸಂಗತಿಯೊಂದನ್ನು ಬೆಳಕಿಗೆ ತಂದಿತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಔಷಧವು ಉಸಿರಾಟದ ಯಂತ್ರಕ್ಕೆ ಒಳಪಟ್ಟವರ ಸಾವನ್ನು ಮೂರನೆಯ ಒಂದು ಪಾಲಿನಷ್ಟು ತಗ್ಗಿಸಿತು; ಆಮ್ಲಜನಕವನ್ನು ಮಾತ್ರ ಪಡೆಯುತ್ತಿದ್ದವರಿಗೂ ನೆರವಾಯಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಯಾವ ಪ್ರಯೋಜನವೂ ಕಂಡುಬರಲಿಲ್ಲ. ಅದೇ ಪ್ರಯೋಗವು ಟೊಸಿಲಿಜುಮಾಬ್ ಎಂಬ ಔಷಧವನ್ನು ಪರೀಕ್ಷಿಸಿದಾಗ ರೋಗಿಗಳನ್ನು ಆಯ್ದುದು ಎರಡು ಗುರುತುಗಳಿಂದ: ಆಮ್ಲಜನಕದ ಕೊರತೆ ಮತ್ತು ಲೀಟರಿಗೆ 75 ಮಿಲಿಗ್ರಾಂ ಅಥವಾ ಅದಕ್ಕೂ ಮೀರಿದ ಸಿ.ಆರ್.ಪಿ. ಅಲ್ಲಿ ಸಾವಿನ ಪ್ರಮಾಣ ನೂರಕ್ಕೆ 35ರಿಂದ 31ಕ್ಕೆ ಇಳಿಯಿತು. ರಕ್ತದ ಅಂಕಿಯು ರೋಗಿಯ ಉಸಿರಿನೊಡನೆ ಕೂಡಿದಾಗ ಚಿಕಿತ್ಸೆಗೆ ದಾರಿ ತೋರಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಅಂಕಿಗೆ ಹೆದರಿದುದರ ಫಲ

ದುರ್ದೈವವಶಾತ್ 2021ರ ಎರಡನೆಯ ಅಲೆಯಲ್ಲಿ ಈ ವಿವೇಕ ಎಲ್ಲೆಡೆ ಉಳಿಯಲಿಲ್ಲ. ಉಸಿರು ಸರಾಗವಾಗಿದ್ದರೂ ಸಿ.ಆರ್.ಪಿ. ಏರಿತೆಂಬ ಒಂದೇ ಕಾರಣದಿಂದ ಸ್ಟೀರಾಯ್ಡ್ ಸೇವಿಸಿದವರುಂಟು. ಪಕ್ಕದ ಮನೆಯವರ ಔಷಧದ ಚೀಟಿಯನ್ನು ತಮ್ಮದಾಗಿಸಿಕೊಂಡವರೂ ಉಂಟು. ಅಕಾಲದಲ್ಲಿ ಸೇವಿಸಿದ ಸ್ಟೀರಾಯ್ಡ್ ದೇಹದ ರಕ್ಷಣಾಬಲವನ್ನು ಕುಗ್ಗಿಸುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಆ ವರ್ಷ ದೇಶದ ಅನೇಕ ಕಡೆಗಳಲ್ಲಿ ಹಬ್ಬಿದ ಕಪ್ಪು ಶಿಲೀಂಧ್ರ ರೋಗಕ್ಕೆ ಹತೋಟಿಯಿಲ್ಲದ ಮಧುಮೇಹ ಮತ್ತು ಸ್ಟೀರಾಯ್ಡಿನ ಅತಿಬಳಕೆ ಪ್ರಮುಖ ಕಾರಣಗಳೆಂದು ವೈದ್ಯರು ಗುರುತಿಸಿದರು. ಕೋವಿಡ್ಡಿನಿಂದ ಪಾರಾದ ಕೆಲವರು ಇದರಿಂದ ಕಣ್ಣನ್ನು, ಮತ್ತೆ ಕೆಲವರು ಪ್ರಾಣವನ್ನೇ ಕಳೆದುಕೊಂಡರು.

ಮನೆಯವರು ಅರಿತಿರಬೇಕಾದುದು

ಮಹಾನಗರದಲ್ಲಿ ಪ್ರಯೋಗಶಾಲೆಗಳಿಗೆ ಬರವಿಲ್ಲ. ಆದರೆ ಒಂದು ಪ್ರಯೋಗಶಾಲೆಯ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ಹೋಲಿಸುವಾಗ ಮಾನವನ್ನು ಗಮನಿಸಬೇಕು. ಸಿ.ಆರ್.ಪಿ.ಯನ್ನು ಕೆಲವರು ಲೀಟರಿಗೆ, ಕೆಲವರು ಡೆಸಿಲೀಟರಿಗೆ ಲೆಕ್ಕಹಾಕುತ್ತಾರೆ. ಇವೆರಡರ ನಡುವೆ ಹತ್ತು ಪಟ್ಟಿನ ಅಂತರ. ಡಿ-ಡೈಮರ್ ಮೈಕ್ರೋಗ್ರಾಮಿನಲ್ಲಿ 0.5 ಎಂದಿದ್ದುದು ನ್ಯಾನೋಗ್ರಾಮಿನಲ್ಲಿ 500 ಆಗುತ್ತದೆ. ಇದನ್ನರಿಯದೆ ನಿದ್ದೆಗೆಟ್ಟ ಮನೆಗಳು ಒಂದೆರಡಲ್ಲ. ಅದಲ್ಲದೆ ವೃದ್ಧಾಪ್ಯ, ಗರ್ಭಾವಸ್ಥೆ, ಇತ್ತೀಚಿನ ಶಸ್ತ್ರಕ್ರಿಯೆ ಇವುಗಳಿಂದಲೂ ಡಿ-ಡೈಮರ್ ಏರುವುದುಂಟು, ಸಿ.ಆರ್.ಪಿ. ಯಾವುದೇ ಸೋಂಕಿನಲ್ಲಿ ಏರಬಹುದು.

ಮನೆಯಲ್ಲಿರುವ ಜ್ವರದ ರೋಗಿಯ ವಿಷಯದಲ್ಲಿ ರಕ್ತದ ವರದಿಗಿಂತ ಮೊದಲು ನೋಡಬೇಕಾದುದು ಉಸಿರನ್ನು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದರೆ, ಉಸಿರಾಟದ ವೇಗ ಹೆಚ್ಚಿದರೆ, ಮಾತನಾಡುವಾಗ ಏದುಸಿರು ಬಂದರೆ, ಮಂಕು ಕವಿದರೆ, ವರದಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಹಿಂದಿನ ವರದಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿ ಕೊಂಡೊಯ್ದರೆ ವೈದ್ಯರಿಗೆ ರೋಗದ ಗತಿ ಸ್ಪಷ್ಟವಾಗುತ್ತದೆ. ‘ಅಂಕಿ ಎಷ್ಟು?’ ಎಂದು ಕೇಳುವ ಬದಲು ‘ನಿನ್ನೆಗಿಂತ ಉಸಿರಾಟ ಹೇಗಿದೆ? ಆಮ್ಲಜನಕ ಎಷ್ಟು ಬೇಕಾಗುತ್ತಿದೆ?’ ಎಂದು ಮನೆಯವರು ವೈದ್ಯರನ್ನು ಕೇಳುವುದು ಹೆಚ್ಚು ಸಾರ್ಥಕ.

ಇನ್‌ಫ್ಲುಯೆಂಜದಂತಹ ಜ್ವರಗಳು ಇನ್ನೂ ನಮ್ಮ ನಡುವೆ ಇವೆ. ವೈರಸ್ ನ್ಯುಮೋನಿಯ ಮುಗಿದುಹೋದ ಕಥೆಯಲ್ಲ. ಮತ್ತೊಮ್ಮೆ ಅಂತಹ ವರದಿಯೊಂದು ಕೈಗೆ ಬಂದಾಗ, ಅದನ್ನು ಓದಲು ವೈದ್ಯರಿರುವರೆಂಬುದನ್ನೂ, ಪಕ್ಕದಲ್ಲಿ ಕುಳಿತು ಉಸಿರನ್ನು ಗಮನಿಸಲು ತಾವಿರಬೇಕೆಂಬುದನ್ನೂ ಮನೆಯವರು ನೆನಪಿನಲ್ಲಿಟ್ಟುಕೊಂಡರೆ ರೋಗಿಗೆ ಅದಕ್ಕಿಂತ ದೊಡ್ಡ ಆಸರೆ ಬೇರಿಲ್ಲ.