ನೋವಿನ ನುಡಿ, ಪರೀಕ್ಷೆಯ ನುಡಿ: ಇಂಗ್ಲಿಷಿನ ದಂತಾರೋಗ್ಯ ಪದಕೋಶದ ಸ್ತರರಚನೆ

ಸಾರಾಂಶ

ಇಂಗ್ಲಿಷಿನ ಆರೋಗ್ಯ ಪದಕೋಶವನ್ನು ಸಾಮಾನ್ಯವಾಗಿ ಸಮಾನಾರ್ಥಕ ಪದಗಳ ಪಟ್ಟಿಯೆಂಬಂತೆ ಕಲಿಸಲಾಗುತ್ತದೆ. ಹಲ್ಲು, ಬಾಯಿ ಮತ್ತು ಶುಚಿತ್ವಕ್ಕೆ ಸಂಬಂಧಿಸಿದ ಪದಗಳನ್ನು ಆಧಾರವಾಗಿಟ್ಟುಕೊಂಡು, ಈ ಪದಕೋಶವು ಮೂರು ಸ್ತರಗಳಲ್ಲಿ ನಿಂತಿದೆಯೆಂದು ಪ್ರಸ್ತುತ ಲೇಖನವು ವಾದಿಸುತ್ತದೆ: ನೋಯುವವನ ಸ್ತರ, ಪರೀಕ್ಷಿಸುವವನ ಸ್ತರ, ಇಬ್ಬರೂ ಸಂಧಿಸುವ ನಡುವಣ ಸ್ತರ. ಕನ್ನಡದ ‘ಹಲ್ಲು’–‘ದಂತ’ ದ್ವಿತ್ವವನ್ನು ಇದರೊಡನೆ ಹೋಲಿಸಿ, ಕನ್ನಡದಲ್ಲಿ ನಡುವಣ ಸ್ತರದ ಸ್ಥಿತಿಯನ್ನು ಪರಿಶೀಲಿಸಲಾಗಿದೆ.

1. ಪೀಠಿಕೆ

ಬಾಯಿಯು ಎರಡು ಶಾಸ್ತ್ರಗಳಿಗೆ ಸೇರಿದ ಅಂಗ. ಧ್ವನಿವಿಜ್ಞಾನಿಯೂ ದಂತವೈದ್ಯನೂ ಅದೇ ತುಟಿ, ಹಲ್ಲು, ನಾಲಗೆಗಳನ್ನು ಕುರಿತು ಮಾತನಾಡುತ್ತಾರೆ. ‘ಡೆಂಟಲ್’, ‘ಲೇಬಿಯಲ್’ ಎಂಬ ಪದಗಳನ್ನು ಇಬ್ಬರೂ ಬಳಸುತ್ತಾರೆ. ಧ್ವನಿವಿಜ್ಞಾನಿಗೆ ‘ಲೇಬಿಯಲ್’ ಎಂಬುದು ತುಟಿಗಳಿಂದ ಹುಟ್ಟಿದ ಧ್ವನಿ. ದಂತವೈದ್ಯನಿಗೆ ಅದು ಮುಂದಿನ ಹಲ್ಲಿನ, ತುಟಿಯತ್ತ ಮುಖಮಾಡಿದ ಮೈ. ಅರ್ಥ ಬೇರೆಯಾದರೂ ಎರಡೂ ಶಾಸ್ತ್ರಗಳು ‘ಟೂತ್’, ‘ಲಿಪ್’ ಎಂಬ ದೇಶೀಯ ಪದಗಳನ್ನು ಬದಿಗಿಟ್ಟು ಲ್ಯಾಟಿನ್ ಮೂಲದ ವಿಶೇಷಣಗಳನ್ನು ಆರಿಸಿಕೊಂಡಿವೆ. ಕನ್ನಡ ವ್ಯಾಕರಣವೂ ಇಂಥದೇ ಹಾದಿ ಹಿಡಿದು ‘ದಂತ್ಯ’, ‘ಓಷ್ಠ್ಯ’ ಎನ್ನುತ್ತದೆಯೇ ಹೊರತು ‘ಹಲ್ಲು’, ‘ತುಟಿ’ಗಳಿಂದ ಪರಿಭಾಷೆಯನ್ನು ಕಟ್ಟುವುದಿಲ್ಲ. ಅನುಭವಿಸುವ ಅಂಗಕ್ಕೆ ಒಂದು ಹೆಸರು, ಪರೀಕ್ಷೆಗೊಳಗಾಗುವ ಅಂಗಕ್ಕೆ ಇನ್ನೊಂದು ಹೆಸರು ಎಂಬ ಈ ವ್ಯವಸ್ಥೆಯು ಹೇಗೆ ರೂಪುಗೊಂಡಿತು, ಅದರ ಪರಿಣಾಮವೇನು ಎಂಬುದೇ ಇಲ್ಲಿಯ ಪ್ರಶ್ನೆ.

2. ಒಂದು ಮೂಲ, ಹಲವು ದಾರಿ

‘ಟೂತ್’, ಲ್ಯಾಟಿನ್ನಿನ ‘ಡೆಂಟ್-’, ಗ್ರೀಕಿನ ‘ಒಡೊಂಟ್-’, ಸಂಸ್ಕೃತದ ‘ದಂತ’ ಇವು ನಾಲ್ಕೂ ಜ್ಞಾತಿಪದಗಳು. ಇಂಡೋ-ಯುರೋಪಿಯನ್ ಮೂಲದ ದಕಾರವು ಜರ್ಮಾನಿಕ್ ಶಾಖೆಯಲ್ಲಿ ಟಕಾರವಾಗಿ, ಕೊನೆಯ ತಕಾರವು ಘರ್ಷಧ್ವನಿಯಾಗಿ ಬದಲಾದುದು ಗ್ರಿಮ್ ನಿಯಮಕ್ಕೆ ಅನುಗುಣವಾಗಿದೆ. ಘರ್ಷಧ್ವನಿಯ ಹಿಂದಿನ ನಕಾರವು ಹಳೆಯ ಇಂಗ್ಲಿಷಿನಲ್ಲಿ ಲೋಪವಾಗಿ ಸ್ವರವು ದೀರ್ಘವಾಯಿತು. ಡಚ್ಚಿನ ‘ಟಾಂಡ್’, ಜರ್ಮನ್ನಿನ ‘ತ್ಸಾನ್’ ರೂಪಗಳಲ್ಲಿ ಆ ನಕಾರವು ಇಂದಿಗೂ ಉಳಿದಿದೆ. ಬಹುವಚನದ ‘ಟೀತ್’ ರೂಪವು ಲುಪ್ತವಾದ ಇಕಾರ ಪ್ರತ್ಯಯದ ಪ್ರಭಾವದಿಂದಾದ ಸ್ವರಪರಿವರ್ತನೆಯ ಫಲ. ‘ಫುಟ್’–‘ಫೀಟ್’ ಜೋಡಿಯೂ ಹೀಗೆಯೇ ಹುಟ್ಟಿದುದು.

ಹೀಗಾಗಿ ‘ಡೆಂಟಲ್’ ಎಂಬುದು ಇಂಗ್ಲಿಷಿಗೆ ಪರಕೀಯ ಪದವಲ್ಲ, ದೂರದ ದಾಯಾದಿ. ‘ಆರ್ಥೊಡಾಂಟಿಸ್ಟ್’, ‘ಪೆರಿಯೊಡಾಂಟಿಸ್ಟ್’, ‘ಎಂಡೊಡಾಂಟಿಸ್ಟ್’ ಎಂಬ ತಜ್ಞನಾಮಗಳಲ್ಲಿ ಅದೇ ಮೂಲವು ಗ್ರೀಕಿನ ವೇಷದಲ್ಲಿ ಮೂರನೆಯ ಬಾರಿಗೆ ಬಂದಿದೆ. ನೆಟ್ಟಗಾಗಿಸುವವ, ಸುತ್ತಲಿನದನ್ನು ನೋಡುವವ, ಒಳಗಿನದನ್ನು ನೋಡುವವ ಎಂಬ ಅರ್ಥಭೇದವನ್ನು ಪೂರ್ವಪದಗಳೇ ಸೂಚಿಸುತ್ತವೆ. ಕನ್ನಡದ ಸ್ಥಿತಿ ಭಿನ್ನವಾದುದು. ‘ಹಲ್ಲು’ ಹಳಗನ್ನಡದ ‘ಪಲ್’ ರೂಪದಿಂದ ಬಂದ ದ್ರಾವಿಡ ಪದ. ತಮಿಳಿನಲ್ಲಿ ಇಂದಿಗೂ ‘ಪಲ್’ ಎಂದೇ ಇದೆ. ‘ದಂತ’ದೊಡನೆ ಅದಕ್ಕೆ ನಂಟಿಲ್ಲ. ಇಂಗ್ಲಿಷಿನಲ್ಲಿ ದಾಯಾದಿಗಳ ನಡುವೆ ಹಂಚಿಕೆಯಾದ ಕೆಲಸವು ಕನ್ನಡದಲ್ಲಿ ಎರಡು ಭಾಷಾಕುಟುಂಬಗಳ ನಡುವೆ ಹಂಚಿಕೆಯಾಗಿದೆ.

ಆರೋಗ್ಯವಾಚಕಗಳಲ್ಲಿಯೂ ಈ ಹಂಚಿಕೆ ಕಾಣುತ್ತದೆ. ‘ಹೆಲ್ತ್’ ಎಂಬುದು ‘ಹೋಲ್’, ‘ಹೀಲ್’ ಪದಗಳ ಬಂಧು. ಅದರ ಮೂಲಾರ್ಥ ಇಡಿಯಾಗಿರುವಿಕೆ. ‘ಹೈಜೀನ್’ ಗ್ರೀಕಿನಿಂದ ಫ್ರೆಂಚಿನ ಮೂಲಕ ಬಂದುದು. ಅದರ ಮೂಲವಾದ ‘ಹುಗಿಯೇಸ್’ ಪದವು ‘ಚೆನ್ನಾಗಿ ಬದುಕುವ’ ಎಂಬರ್ಥದ ಸಮಾಸವೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ನಿಷ್ಪತ್ತಿ. ಆ ಸಮಾಸದ ಎರಡು ಅವಯವಗಳಿಗೆ ಸಂಸ್ಕೃತದ ‘ಸು’ ಮತ್ತು ‘ಜೀವ’ ಸಂವಾದಿಗಳಾಗಿವೆ. ಒಂದು ಸ್ಥಿತಿಯನ್ನು ಹೇಳುತ್ತದೆ, ಮತ್ತೊಂದು ಆ ಸ್ಥಿತಿಯನ್ನು ಕಾಯುವ ಶಾಸ್ತ್ರವನ್ನು ಹೇಳುತ್ತದೆ.

3. ವಿಶೇಷಣಗಳ ಹಂಚಿಕೆ

ಇಂಗ್ಲಿಷಿನಲ್ಲಿ ದೇಹಾವಯವಗಳ ನಾಮಪದಗಳು ಬಹುಮಟ್ಟಿಗೆ ದೇಶೀಯವಾದವು. ಅವುಗಳ ಸಂಬಂಧವಾಚಕ ವಿಶೇಷಣಗಳು ಲ್ಯಾಟಿನ್ನಿನವು. ‘ಮೌತ್’–‘ಓರಲ್’, ‘ಟಂಗ್’–‘ಲಿಂಗ್ವಲ್’, ‘ಗಮ್’–‘ಜಿಂಜೈವಲ್’, ‘ಚೀಕ್’–‘ಬಕ್ಕಲ್’ ಎಂಬ ಜೋಡಿಗಳನ್ನು ಗಮನಿಸಬಹುದು. ನಾಮಪದಕ್ಕೂ ವಿಶೇಷಣಕ್ಕೂ ರೂಪಸಾಮ್ಯವಿಲ್ಲದಿರುವುದರಿಂದ ಕಲಿಯುವವನು ಒಂದೇ ಅಂಗಕ್ಕೆ ಎರಡೆರಡು ಪದಗಳನ್ನು ಕಲಿಯಬೇಕಾಗುತ್ತದೆ.

ದೇಶೀಯ ನಾಮಪದಗಳಿಂದ ವಿಶೇಷಣಗಳು ಹುಟ್ಟಲಾರವೆಂದು ಇದರ ಅರ್ಥವಲ್ಲ. ‘ಟೂತಿ’, ‘ಮೌತಿ’, ‘ಚೀಕಿ’, ‘ಲಿಪ್ಪಿ’, ‘ಗಮ್ಮಿ’ ಎಂಬ ರೂಪಗಳಿವೆ. ಆದರೆ ಅವುಗಳ ಅರ್ಥವು ಅಂಗವನ್ನು ಬಿಟ್ಟು ವ್ಯಕ್ತಿಯ ಚಹರೆ ಅಥವಾ ಸ್ವಭಾವದತ್ತ ಸರಿದಿದೆ. ‘ಟೂತಿ’ ಎಂದರೆ ಹಲ್ಲುಗಳು ಎದ್ದುಕಾಣುವ. ‘ಗಮ್ಮಿ’ ಎಂದರೆ ಬೊಚ್ಚುಬಾಯಿಯ. ‘ಚೀಕಿ’, ‘ಲಿಪ್ಪಿ’ ಎಂದರೆ ಉದ್ಧಟತನದ. ‘ಮೌತಿ’ ಎಂದರೆ ಬಾಯಿಬಡುಕ. ‘ಚೀಕಿ’ ಎಂಬುದು ಕೆನ್ನೆಯ ಒಳಮೈಯನ್ನು ಎಂದಿಗೂ ಸೂಚಿಸದು. ದೇಶೀಯ ವಿಶೇಷಣವು ಮನುಷ್ಯನನ್ನು ಬಣ್ಣಿಸುತ್ತದೆ, ಲ್ಯಾಟಿನ್ ವಿಶೇಷಣವು ಅಂಗವನ್ನು ಗುರುತಿಸುತ್ತದೆ.

ಕನ್ನಡದಲ್ಲಿ ಷಷ್ಠೀ ವಿಭಕ್ತಿಯೇ ಸಂಬಂಧವಾಚಕ ವಿಶೇಷಣದ ಕೆಲಸವನ್ನು ಮಾಡುವುದರಿಂದ ‘ಹಲ್ಲಿನ’, ‘ಒಸಡಿನ’, ‘ನಾಲಗೆಯ’ ಎಂದರೆ ಸಾಕು. ಅಂದರೆ ಕನ್ನಡಕ್ಕೆ ‘ದಂತ’ದ ಅಗತ್ಯವು ವ್ಯಾಕರಣದಿಂದ ಬಂದುದಲ್ಲ, ಪರಿಭಾಷೆಯ ಗೌರವದಿಂದ ಬಂದುದು.

4. ನೋವಿನ ವ್ಯಾಕರಣ

ನೋವನ್ನು ಹೇಳುವ ಇಂಗ್ಲಿಷ್ ಪದಗಳಲ್ಲಿ ‘ಏಕ್’, ‘ಸೋರ್’ ದೇಶೀಯ. ‘ಹರ್ಟ್’, ‘ಪೇನ್’ ಫ್ರೆಂಚಿನ ಮೂಲಕ ಬಂದವು. ‘ಪೇನ್’ ಪದದ ಮೂಲವಾದ ಲ್ಯಾಟಿನ್ ಶಬ್ದದ ಅರ್ಥ ದಂಡನೆ. ಹಿಂದೆ ‘ಏಕ್’ ನಾಮಪದದ ಕೊನೆಯ ವ್ಯಂಜನವು ಚಕಾರವಾಗಿದ್ದು, ಕ್ರಿಯಾಪದದ್ದು ಕಕಾರವಾಗಿತ್ತು. ಬರಹದಲ್ಲಿಯೂ ಅವು ಬೇರೆಯಾಗಿದ್ದವು. 1755ರ ನಿಘಂಟಿನಲ್ಲಿ ಸ್ಯಾಮ್ಯುಯಲ್ ಜಾನ್ಸನ್ ಇದನ್ನು ಗ್ರೀಕ್ ಪದವೊಂದರಿಂದ ತಪ್ಪಾಗಿ ನಿಷ್ಪನ್ನಗೊಳಿಸಿದನು. ಇಂದು ಉಚ್ಚಾರಣೆಯು ಕ್ರಿಯಾಪದದ್ದು, ಬರಹವು ನಾಮಪದದ್ದು.

‘ಏಕ್’ ಸೇರಿದ ಸಮಾಸಗಳು ಮಿತವಾದವು. ಹಲ್ಲು, ತಲೆ, ಕಿವಿ, ಹೊಟ್ಟೆ, ಬೆನ್ನುಗಳೊಡನೆ ಅದು ಸಹಜವಾಗಿ ಸೇರುತ್ತದೆ. ಬೆರಳು, ಮೊಣಕಾಲುಗಳೊಡನೆ ಸೇರದು. ಅಲ್ಲಿ ‘ಪೇನ್ ಇನ್’ ಎಂಬ ಪದಪುಂಜ ಬೇಕು. ಕನ್ನಡದ ‘ನೋವು’ ಎಲ್ಲ ಅಂಗಗಳೊಡನೆಯೂ ನಿರ್ಬಂಧವಿಲ್ಲದೆ ಸೇರುವುದರಿಂದ ಈ ಮಿತಿಯು ಕನ್ನಡಿಗರಿಗೆ ಥಟ್ಟನೆ ಹೊಳೆಯುವುದಿಲ್ಲ.

ವಾಕ್ಯರಚನೆಯ ವ್ಯತ್ಯಾಸವು ಇನ್ನೂ ಗಮನಾರ್ಹವಾದುದು. ಕನ್ನಡದಲ್ಲಿ ನೋವಿನ ಅನುಭವಿಯು ಹಲವೊಮ್ಮೆ ಚತುರ್ಥಿಯಲ್ಲಿರುತ್ತಾನೆ: ‘ನನಗೆ ಹಲ್ಲು ನೋಯುತ್ತಿದೆ’. ಇಂಗ್ಲಿಷಿನಲ್ಲಿ ಅನುಭವಿಯು ನೋವಿನ ಒಡೆಯನಾಗುತ್ತಾನೆ, ಇಲ್ಲವೆ ಹಲ್ಲೇ ಕರ್ತೃವಾಗುತ್ತದೆ. ಭಾರತೀಯ ಇಂಗ್ಲಿಷಿನ ‘ಮೈ ಟೂತ್ ಈಸ್ ಪೇನಿಂಗ್’ ಎಂಬ ಪ್ರಯೋಗವು ‘ನೋಯುತ್ತಿದೆ’ ಎಂಬ ಕ್ರಿಯಾರೂಪದ ಪಡಿಯಚ್ಚು. ಶಿಷ್ಟ ಬ್ರಿಟಿಷ್ ಪ್ರಯೋಗದಲ್ಲಿ ‘ಪೇನ್’ ಕ್ರಿಯಾಪದವು ಬಹುಮಟ್ಟಿಗೆ ಸಕರ್ಮಕವಾಗಿದ್ದು, ಮನಸ್ಸಿನ ವ್ಯಥೆಯನ್ನು ಹೇಳುತ್ತದೆ. ಇದನ್ನು ಬರಿಯ ದೋಷವೆನ್ನುವುದಕ್ಕಿಂತ, ಎರಡು ಭಾಷೆಗಳ ಕಾರಕವ್ಯವಸ್ಥೆಗಳು ಸಂಧಿಸಿದ ಸ್ಥಳವೆಂದು ನೋಡುವುದು ಉಚಿತ.

ಚಿಕಿತ್ಸೆಯ ವಾಕ್ಯಗಳಲ್ಲಿ ಸಮಸ್ಯೆಯು ತಿರುಗುಮುರುಗಾಗುತ್ತದೆ. ‘ಹಲ್ಲು ಕೀಳಿಸಿಕೊಂಡೆ’ ಎಂಬಲ್ಲಿ ಪ್ರೇರಣಾರ್ಥಕದ ‘-ಇಸು’ ಪ್ರತ್ಯಯವು ಕೀಳುವವನು ಬೇರೊಬ್ಬನೆಂಬುದನ್ನೂ, ‘ಕೊಳ್ಳು’ ಎಂಬುದು ಫಲವು ಹೇಳುವವನಿಗೇ ಸೇರಿದುದೆಂಬುದನ್ನೂ ತಿಳಿಸುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಸಂವಾದಿಯಾದುದು ‘ಐ ಹ್ಯಾಡ್ ಎ ಟೂತ್ ಪುಲ್ಡ್’ ಎಂಬ ರಚನೆ. ಪ್ರತ್ಯಯದ ಬದಲು ಪದಕ್ರಮವೇ ಇಲ್ಲಿ ಪ್ರೇರಣೆಯನ್ನು ಸೂಚಿಸುತ್ತದೆ. ಈ ರಚನೆಯನ್ನು ಅರಿಯದವನು ‘ಐ ಪುಲ್ಡ್ ಮೈ ಟೂತ್’ ಎಂದರೆ ತನ್ನ ಹಲ್ಲನ್ನು ತಾನೇ ಕಿತ್ತುಕೊಂಡಂತಾಗುತ್ತದೆ.

5. ವೃತ್ತಿನಾಮಗಳ ಚರಿತ್ರೆ

‘ಡೆಂಟಿಸ್ಟ್’ ಪದವು 18ನೆಯ ಶತಮಾನದ ನಡುಭಾಗದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಿತು. ಅದಕ್ಕೂ ಮೊದಲು ಪಿಯರ್ ಫೊಶಾರ್ 1728ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿ ತನ್ನನ್ನು ‘ದಂತ ಶಸ್ತ್ರವೈದ್ಯ’ ಎಂದು ಕರೆದುಕೊಂಡಿದ್ದನು. ಇಂಗ್ಲಿಷಿನ ಹಳೆಯ ಪದವು ‘ಟೂತ್-ಡ್ರಾಯರ್’, ಎಂದರೆ ಹಲ್ಲು ಕೀಳುವವ. 1759ರಲ್ಲಿ ಎಡಿನ್‌ಬರೋದ ಪತ್ರಿಕೆಯೊಂದು ‘ಡೆಂಟಿಸ್ಟ್’ ಎಂಬುದನ್ನು ಫ್ರೆಂಚ್ ಡೌಲಿನ ಪದವೆಂದು ಹಾಸ್ಯ ಮಾಡಿತು. ಆದರೂ ಅದು ಗೆದ್ದಿತು. ಹಳೆಯ ಹೆಸರು ಒಂದು ಕ್ರಿಯೆಯನ್ನು ಮಾತ್ರ ಹೇಳುತ್ತಿತ್ತು. ಹೊಸದು ಒಂದು ವಿದ್ಯೆಯನ್ನು ಹೇಳಿತು. ಬ್ರಿಟನ್ನಿನ 1878ರ ಕಾಯಿದೆಯು ಈ ಹೆಸರನ್ನು ನೋಂದಾಯಿತ ವೈದ್ಯರಿಗೆ ಮೀಸಲಿಟ್ಟಿತು. ಅಲ್ಲಿಗೆ ಪದದ ಬಳಕೆಯೇ ಕಾನೂನಿನ ವಿಷಯವಾಯಿತು.

‘ಡೆಂಟಲ್ ಹೈಜೀನಿಸ್ಟ್’ ಎಂಬ ಹೆಸರಿನ ಹಿಂದೆ ಇನ್ನೂ ಸ್ಪಷ್ಟವಾದ ಆಯ್ಕೆಯಿದೆ. ಅಮೆರಿಕದ ಬ್ರಿಜ್‌ಪೋರ್ಟಿನ ದಂತವೈದ್ಯ ಆಲ್ಫ್ರೆಡ್ ಫೋನ್ಸ್ 1913ರಲ್ಲಿ ಈ ವೃತ್ತಿಯ ಮೊದಲ ಶಾಲೆಯನ್ನು ತೆರೆದನು. ‘ಡೆಂಟಲ್ ನರ್ಸ್’ ಎಂಬ ಹೆಸರನ್ನು ಅವನು ಒಪ್ಪಲಿಲ್ಲ. ‘ನರ್ಸ್’ ಎಂದರೆ ರೋಗಿಯ ಚಿತ್ರ ಮೂಡುತ್ತದೆ, ತನ್ನ ಶಿಷ್ಯೆಯರ ಕೆಲಸವಾದರೋ ರೋಗವು ಬಾರದಂತೆ ತಡೆಯುವುದು ಎಂಬುದು ಅವನ ನಿಲುವಾಗಿತ್ತು.

6. ನಡುವಣ ಸ್ತರ

ರೋಗಿಯ ‘ಟೂತ್’ಗೂ ವೈದ್ಯನ ‘ಡೆಂಟಲ್’ಗೂ ನಡುವೆ ಮೂರನೆಯ ಸ್ತರವೊಂದಿದೆ. ‘ಫಿಲ್ಲಿಂಗ್’, ‘ಕ್ರೌನ್’, ‘ಬ್ರಿಜ್’, ‘ಬ್ರೇಸಸ್’, ‘ಟೂತ್ ಡಿಕೇ’, ‘ಗಮ್ ಡಿಸೀಸ್’, ‘ವಿಸ್ಡಮ್ ಟೂತ್’ ಇವು ಅದಕ್ಕೆ ಸೇರಿದವು. ತುಂಬುವಿಕೆ, ಕಿರೀಟ, ಸೇತುವೆ ಮೊದಲಾದ ದಿನಬಳಕೆಯ ಪದಗಳಿಗೆ ಇಲ್ಲಿ ಶಾಸ್ತ್ರಾರ್ಥವು ಒದಗಿದೆ. ವೈದ್ಯನ ‘ರೆಸ್ಟೊರೇಶನ್’ ರೋಗಿಗೆ ‘ಫಿಲ್ಲಿಂಗ್’. ವೈದ್ಯನ ‘ಕೇರೀಸ್’ ರೋಗಿಗೆ ‘ಡಿಕೇ’. ‘ಥರ್ಡ್ ಮೋಲಾರ್’ ರೋಗಿಗೆ ‘ವಿಸ್ಡಮ್ ಟೂತ್’. ಅರಿವಳಿಕೆಗೂ ಹೀಗೆಯೇ. 1846ರಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಈಥರಿನ ಪ್ರಯೋಗವನ್ನು ತೋರಿಸಿದ ಮೇಲೆ, ಆಲಿವರ್ ವೆಂಡೆಲ್ ಹೋಮ್ಸ್ ಪತ್ರವೊಂದರಲ್ಲಿ ‘ಅನೆಸ್ತೀಸಿಯ’ ಎಂಬ ಗ್ರೀಕ್ ಪದವನ್ನು ಸೂಚಿಸಿದನು. ಕುರ್ಚಿಯಲ್ಲಿ ಕುಳಿತವನು ಹೇಳುವುದು ‘ನಂಬ್’ ಎಂದು. ‘ಹಿಡಿ, ತೆಗೆದುಕೊಳ್ಳು’ ಎಂಬರ್ಥದ ಹಳೆಯ ಕ್ರಿಯಾಪದದ ಕೃದಂತವದು. ಕನ್ನಡದಲ್ಲಿಯೂ ಜೋಮು ‘ಹಿಡಿಯುತ್ತದೆ’.

ಇಂಗ್ಲಿಷಿನಲ್ಲಿ ಈ ಸ್ತರವು ಸುಲಭವಾಗಿ ಬೆಳೆಯಲು ಒಂದು ಕಾರಣವೆಂದರೆ ಮಿಶ್ರ ಸಮಾಸಗಳಿಗೆ ಅಲ್ಲಿ ಅಡ್ಡಿಯಿಲ್ಲ. ‘ಟೂತ್ ಡಿಕೇ’ಯ ಪೂರ್ವಪದ ದೇಶೀಯ, ಉತ್ತರಪದ ಫ್ರೆಂಚ್ ಮೂಲದ್ದು. ಕನ್ನಡ ವ್ಯಾಕರಣ ಪರಂಪರೆಯಾದರೋ ಕೇಶಿರಾಜನ ‘ಶಬ್ದಮಣಿದರ್ಪಣ’ದ ಕಾಲದಿಂದಲೂ ಅರಿಸಮಾಸವನ್ನು ಕೆಲವು ಅಪವಾದಗಳಿಗೆ ಮಾತ್ರ ಸೀಮಿತಗೊಳಿಸಿದೆ. ಆದುದರಿಂದ ‘ಹಲ್ಲುಪುಡಿ’ ಇದೆ, ‘ದಂತಮಂಜನ’ ಇದೆ. ‘ದಂತಪುಡಿ’ ಕಿವಿಗೆ ಒಗ್ಗದು. ಪರಿಭಾಷೆಯನ್ನು ಕಟ್ಟುವವರು ‘ದಂತಕ್ಷಯ’ದಂಥ ಪೂರ್ಣ ಸಂಸ್ಕೃತ ಸಮಾಸಗಳತ್ತ ಒಲಿಯಲು ಈ ಸಂಕೋಚವೂ ಒಂದು ಕಾರಣವಿರಬಹುದು.

ದೇಶೀಯ ಪದವೆಂದಮಾತ್ರಕ್ಕೆ ಅದು ನಿರ್ದೋಷವೆಂದಲ್ಲ. ‘ಹುಳುಕು ಹಲ್ಲು’ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಆದರೆ ಹಲ್ಲನ್ನು ಹುಳು ತಿನ್ನುತ್ತದೆಂಬ ನಂಬಿಕೆಯು ಅದರೊಳಗೆ ಅಡಗಿದೆ. ಈ ನಂಬಿಕೆ ಹಳೆಯ ಇಂಗ್ಲಿಷಿನ ವೈದ್ಯಗ್ರಂಥಗಳಲ್ಲಿಯೂ ಇತ್ತು. ಫೊಶಾರ್ ಅದನ್ನು ನಿರಾಕರಿಸಿದನು. ‘ದಂತಕ್ಷಯ’ ಶಾಸ್ತ್ರಕ್ಕೆ ಒಪ್ಪುತ್ತದೆ, ಕೇಳುಗನನ್ನು ಮುಟ್ಟುವುದಿಲ್ಲ. ಸ್ಪಷ್ಟವಾದ ಪದವು ತಪ್ಪು ಕಾರಣವನ್ನು ಹೇಳುತ್ತದೆ. ಸರಿಯಾದ ಪದವು ಮೌನವಾಗಿರುತ್ತದೆ. ಈ ತೆರವನ್ನು ಇಂದು ತುಂಬುತ್ತಿರುವವು ‘ರೂಟ್ ಕೆನಾಲ್’, ‘ಕ್ಯಾಪ್’, ‘ಕ್ಲಿಪ್’ ಮೊದಲಾದ ಎರವಲುಗಳು. ಆದರೂ ಕನ್ನಡದ ಸ್ವಂತ ನಡುವಣ ಸ್ತರವು ಬತ್ತಿಲ್ಲ. ಕೃತಕ ದಂತಪಂಕ್ತಿಯನ್ನು ಹಾಕಿಸಿಕೊಳ್ಳುವುದಕ್ಕೆ ಜನರು ‘ಹಲ್ಲು ಕಟ್ಟಿಸುವುದು’ ಎನ್ನುತ್ತಾರೆ. ‘ಹಾಲುಹಲ್ಲು’, ‘ಕೋರೆಹಲ್ಲು’, ‘ದವಡೆಹಲ್ಲು’ಗಳು ಶಾಸ್ತ್ರದ ವರ್ಗೀಕರಣಕ್ಕೆ ಬಹುಮಟ್ಟಿಗೆ ಹೊಂದುತ್ತವೆ.

7. ಸಮಾಪನ

ಚಿಕಿತ್ಸೆಗೆ ಒಪ್ಪಿಗೆ ಕೊಡುವವನು ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆಂಬುದನ್ನು ಅರಿತಿರಬೇಕು. ಒಪ್ಪಿಗೆಪತ್ರದಲ್ಲಿ ‘ಎಕ್ಸ್‌ಟ್ರಾಕ್ಷನ್’ ಎಂದೋ ‘ದಂತೋತ್ಪಾಟನ’ ಎಂದೋ ಇದ್ದು, ಎಲ್ಲಿಯೂ ‘ಹಲ್ಲು ಕೀಳುವುದು’ ಎಂದಿಲ್ಲದಿದ್ದರೆ ಸಹಿ ಬೀಳಬಹುದು, ಸಮ್ಮತಿ ದೊರೆಯದು. ಆದುದರಿಂದ ಇಂಗ್ಲಿಷಿನ ಆರೋಗ್ಯ ಪದಕೋಶವನ್ನು ಕಲಿಸುವಾಗ ಒಂದೊಂದು ಅಂಗಕ್ಕೂ ಮೂರು ಸ್ತರಗಳ ಪದಗಳನ್ನು, ಅವುಗಳನ್ನು ಯಾರು ಯಾರೊಡನೆ ಆಡುತ್ತಾರೆಂಬ ವಿವರದೊಡನೆ ಕೊಡುವುದು ಪ್ರಯೋಜನಕರ. ದ್ವಿಭಾಷಾ ನಿಘಂಟುಕಾರರು ‘ಕೇರೀಸ್’ ಪದಕ್ಕೆ ‘ದಂತಕ್ಷಯ’ವನ್ನು ಕೊಟ್ಟು ನಿಲ್ಲದೆ, ‘ಹುಳುಕು’ ಎಂಬ ರೂಢಿಯನ್ನೂ ಅದರ ಮಿತಿಯನ್ನೂ ದಾಖಲಿಸಬೇಕು. ಕನ್ನಡ ಪರಿಭಾಷೆಯ ಮುಂದಿರುವ ಕೆಲಸವೂ ಇದೇ: ‘ಹಲ್ಲು’ ಮತ್ತು ‘ದಂತ’ಗಳಲ್ಲಿ ಒಂದನ್ನು ಆರಿಸುವುದಲ್ಲ, ‘ಹಲ್ಲು ಕಟ್ಟಿಸು’ ಎಂಬಂಥ ಪ್ರಯೋಗಗಳನ್ನು ಸಂಗ್ರಹಿಸಿ ಅವೆರಡರ ನಡುವಿನ ಸ್ತರವನ್ನು ಬೆಳೆಸುವುದು.