ಬಾಯಿ ಬಿಡದ ‘ಕೆ’

ಡಿಕ್ಟೇಷನ್ ಬರೆಯುತ್ತಿದ್ದ ಮಗಳು ಪೆನ್ಸಿಲ್ ಕೆಳಗಿಟ್ಟಳು. “ಅಪ್ಪ, ‘ಬೇಡ’ ಅನ್ನೋ ‘ನೋ’ಗೆ ಇಲ್ಲದ ‘ಕೆ’, ‘ಗೊತ್ತು’ ಅನ್ನೋ ‘ನೋ’ಗೆ ಯಾಕೆ?” ಅದು ಸೈಲೆಂಟ್, ಸುಮ್ಮನೆ ಬರಿ ಅಂದುಬಿಟ್ಟೆ. ಆಮೇಲೆ ನಾಚಿಕೆಯಾಯಿತು. ನಾವಿರುವುದು ಜಯನಗರದಲ್ಲಿ. ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಜಿಜ್ಞಾಸೆಗೆ ಬೇಸರಿಸದೆ ಉತ್ತರಿಸಿ, 107 ವರ್ಷ ಬಾಳಿ, 2021ರಲ್ಲಿ ತೀರಿಕೊಂಡ ಜಿ. ವೆಂಕಟಸುಬ್ಬಯ್ಯನವರ ಬಡಾವಣೆ ಇದು.

ಆ ‘ಕೆ’ ಹುಟ್ಟುಮೂಕನಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದ ‘ಕ್ನಾವನ್’. ಕಕಾರವನ್ನು ಗಟ್ಟಿಯಾಗಿಯೇ ಹೇಳುತ್ತಿದ್ದರು. ಅದು ನಾಲಿಗೆಯಿಂದ ಜಾರಿದ್ದು 17–18ನೇ ಶತಮಾನದ ಸುಮಾರಿಗೆ. ಅಷ್ಟರಲ್ಲಿ ಅಚ್ಚಿನ ಮನೆಗಳು ಕಾಗುಣಿತವನ್ನು ಬಿಗಿದಿದ್ದವು.

ಆ ‘ಕೆ’ ಬಂದದ್ದಾದರೂ ಎಲ್ಲಿಂದ? 1786ರ ಫೆಬ್ರುವರಿ 2ರಂದು ಕಲ್ಕತ್ತದಲ್ಲಿ ಭಾಷಾವಿದ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಧಾತುಗಳು ಹೋಲುವುದು ಆಕಸ್ಮಿಕವಲ್ಲ, ಮೂಲ ಒಂದೇ ಇರಬೇಕು ಎಂದರು. ಇಂಗ್ಲಿಷಿನ ಬಳಗವೂ ಆ ಮೂಲದ್ದೇ ಇರಬಹುದೆಂಬ ಗುಮಾನಿ ಅವರಿಗಿತ್ತು. ಗುಮಾನಿ ಸರಿ, ಆದರೆ ಗ್ರೀಕಿನಲ್ಲಿ ‘ಗಿಗ್ನೋಸ್ಕೊ’, ಸಂಸ್ಕೃತದಲ್ಲಿ ‘ಜ್ಞಾ’, ಇಂಗ್ಲಿಷಿನಲ್ಲಿ ಮಾತ್ರ ‘ಕ್ನಾ’ ಯಾಕೆ? ಗಂಟು ಬಿಚ್ಚಿದವರು 1818ರಲ್ಲಿ ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್, 1822ರಲ್ಲಿ ಯಾಕೋಬ್ ಗ್ರಿಮ್ (ಹೌದು, ಅಜ್ಜಿಕತೆಗಳ ಗ್ರಿಮ್ ಸೋದರರಲ್ಲಿ ಒಬ್ಬ). ಗ್ರೀಕ್, ಲ್ಯಾಟಿನ್‌ಗಳ ಗಕಾರ ಇಂಗ್ಲಿಷ್–ಜರ್ಮನ್ ಬಳಗದಲ್ಲಿ ನೇಮವಾಗಿ ಕಕಾರವಾಗುತ್ತದೆ. ಮೊಣಕಾಲಿಗೆ ಲ್ಯಾಟಿನ್ನಿನಲ್ಲಿ ‘ಗೆನು’. ನಮ್ಮ ‘ಆಜಾನುಬಾಹು’ವಿನ ‘ಜಾನು’ ಅದರ ನಂಟ. ಇಂಗ್ಲಿಷಿನ ‘ನೀ’ಗೂ ಮುಂದೊಂದು ಮೂಕ ‘ಕೆ’! ಅಂದರೆ ‘ನೋ’ ಮತ್ತು ‘ಜ್ಞಾನ’ ದಾಯಾದಿಗಳು. ನಾವು ಬರೆಯುವುದು ಜ್ಞಾನ, ಅನ್ನುವುದು ‘ಗ್ನಾನ’. ಅದು ಹಳೆಯ ಗಕಾರ ಉಳಿದದ್ದಲ್ಲ, ನಮ್ಮ ನಾಲಿಗೆಯ ಹೊರಳು. ಕಿವಿಗೆ ಮಾತ್ರ ಗ್ರೀಕ್ ನೆಂಟನ ಹಾಗೆಯೇ ಕೇಳುತ್ತದೆ.

ಆದರೆ ಕನ್ನಡದ್ದೇ ಆದ ‘ಅರಿ’ ಈ ಮನೆತನದ್ದಲ್ಲ. ಮದರಾಸಿನ ಕಲೆಕ್ಟರ್ ಎಲ್ಲಿಸ್, 1816ರಲ್ಲಿ ಕ್ಯಾಂಬೆಲ್‌ನ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ ತಮಿಳು, ತೆಲುಗು, ಕನ್ನಡ ಧಾತುಗಳನ್ನು ಪಕ್ಕಪಕ್ಕ ಇಟ್ಟು, ಇವು ಸಂಸ್ಕೃತದ ಮಕ್ಕಳಲ್ಲ ಎಂದು ತೋರಿಸಿದ್ದ. ಜೋನ್ಸ್‌ಗೆ ಸಿಕ್ಕ ಹೆಸರು ಪಾಪ ಅವನಿಗೆ ಸಿಗಲಿಲ್ಲ.

“ಹಾಗಾದ್ರೆ ‘ಅರಿ’ಯಲ್ಲಿ ಸೈಲೆಂಟ್ ಅಕ್ಷರ ಇಲ್ವಾ?” ಎಂದಳು ಮಗಳು. ಹಳಗನ್ನಡದಲ್ಲಿ ಅದು ‘ಅಱಿ’ ಎಂದು ಶಕಟರೇಫ ಬರೆದು ತೋರಿಸಿದೆ. ಉಚ್ಚಾರ ಹೋದ ಮೇಲೆ ನಾವು ಅಕ್ಷರವನ್ನೂ ಬಿಟ್ಟೆವು. ಇಂಗ್ಲಿಷಿನವರು ಬಿಡಲಿಲ್ಲ. ಮಾರ್ಕು ಹೋಗುತ್ತಿರುವುದು ಇವಳದು.